ಲಸಿಕೆಯ ತರುವಾಯದ ಬಾಧೆಯೂ ನಮ್ಮ ಸಾಕ್ಷಿಯೂ

ಒಬ್ಬನು ತನ್ನ ಮೈಯಲ್ಲಿ ಅನುಭವಿಸಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ಅದರಲ್ಲಿ ದೋಷವೇನು ಎಂದು ಹಲವರು ಕೇಳುತ್ತಾರೆ. ದೋಷವಿಲ್ಲವೆಂದೇ ಮೊದಲು ತೋರುವದು. ಆದರೆ ಲಸಿಕೆ ಹಾಕಿಸಿಕೊಂಡ ತರುವಾಯ ಬಂದ ಜ್ವರ, ತೋಳಿನ ಬಾವು, ತಲೆನೋವು, ಕೆಲವರಿಗೆ ಇವುಗಳಿಗಿಂತ ಹೆಚ್ಚಿನ ಕಷ್ಟ, ಇವುಗಳ ವಿಷಯವಾಗಿ ಬಾವಿಕಟ್ಟೆಯಲ್ಲಿಯೂ ಸಂತೆಯಲ್ಲಿಯೂ ಆಡುವ ಮಾತುಗಳನ್ನು ಕೇಳಿದಾಗ, ಈ ಪ್ರಶ್ನೆಯು ಅಷ್ಟು ಸುಲಭವಾದದ್ದಲ್ಲವೆಂದು ನಮಗೆ ತೋರಿತು. ಯಾಕಂದರೆ ಮಾತು ಬಾಯಿಂದ ಹೊರಟ ಮೇಲೆ ಆಡಿದವನ ವಶದಲ್ಲಿರುವದಿಲ್ಲ. ನನಗೆ ಎರಡು ದಿನ ಜ್ವರ ಬಂತು ಎಂದು ಒಬ್ಬನು ಹೇಳಿದರೆ, ಒಂದು ಊರು ದಾಟುವಷ್ಟರಲ್ಲಿ ಅವನು ಸಾಯುವ ಸ್ಥಿತಿಗೆ ಬಂದನೆಂದಾಗುವದು. ಎರಡು ಊರು ದಾಟಿದರೆ ಜನರು ಅವನನ್ನು ಮಣ್ಣುಮಾಡಿಯೇ ಬಿಡುವರು.

ಇದಕ್ಕೆ ಹೆದರಿ, ಬಾಧೆಯ ಮಾತನ್ನೇ ಎತ್ತಬಾರದು, ಎತ್ತಿದರೆ ಅರಿಯದ ಜನರು ಓಡಿಹೋಗುವರು ಎಂದು ಕೆಲವು ವಿದ್ಯಾವಂತರು ಹೇಳುವದುಂಟು. ಇದನ್ನು ನಾವು ಒಪ್ಪಲಾರೆವು. ನಮ್ಮ ದೇಶದಲ್ಲಿ ಕೋವಿಡ್ ರೋಗದ ಲಸಿಕೆಯು 2021ನೇ ಜನವರಿ 16ರಂದು ಆರಂಭವಾಗಿ, ಅದೇ ವರುಷದ ಅಕ್ಟೋಬರ್ 21ರೊಳಗೆ 100 ಕೋಟಿ ಚುಚ್ಚುಮದ್ದುಗಳು ಮುಗಿದವು. ಅವುಗಳಲ್ಲಿ ಒಂದು ನಮ್ಮ ತೋಳಿಗೂ ಬಿತ್ತು. ಚುಚ್ಚಿದ ದಾದಿಯು ನಮ್ಮನ್ನು ಅರ್ಧ ತಾಸು ಅಲ್ಲಿಯೇ ಕೂಡ್ರಿಸಿ, ಈ ರಾತ್ರಿ ಮೈ ಬಿಸಿಯಾದೀತು, ಚಳಿಯೂ ಬಂದೀತು, ಹೆದರಬೇಡಿರಿ ಅಂದಳು. ಹಾಗೆಯೇ ಆಯಿತು. ನಡುರಾತ್ರಿಯಲ್ಲಿ ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲಲಿಲ್ಲ; ಕೀಲುಗಳೆಲ್ಲ ನೊಂದವು; ಮೂರನೆಯ ದಿನ ಎಲ್ಲವೂ ಹೋಯಿತು. ಮೊದಲೇ ಕೇಳಿದ್ದ ಮಾತಾದದರಿಂದ ನಮಗೆ ಭಯವಾಗಲಿಲ್ಲ. ನೆರೆಯೂರಿನ ಒಬ್ಬ ಮುದುಕನಿಗೆ ಯಾರೂ ಏನೂ ಹೇಳಿರಲಿಲ್ಲ. ಅವನಿಗೂ ಬಂದದ್ದು ಅದೇ ಜ್ವರ. ಆದರೆ ಅವನು ರಾತ್ರಿಯೆಲ್ಲ ತನಗೆ ವಿಷ ಹಾಕಿದರೆಂದು ಅಳುತ್ತಾ ಮಕ್ಕಳನ್ನು ಹತ್ತಿರ ಕರೆದು ಹೊಲದ ಲೆಕ್ಕ ಹೇಳಿದನಂತೆ.

ಆ ಜ್ವರವು ಬರುವದೇಕೆ? ಲಸಿಕೆಯೆಂದರೆ ರೋಗದ ಒಂದು ಗುರುತನ್ನು ಮಾತ್ರ ದೇಹಕ್ಕೆ ತೋರಿಸುವದು. ಅದನ್ನು ಕಂಡು ದೇಹದೊಳಗಿನ ಕಾವಲು ಎದ್ದು ನಿಲ್ಲುವದು. ಆ ಏಳುವಿಕೆಯ ಬಿಸಿಯೇ ಜ್ವರ. (ಜ್ವರ ಬಾರದವನಿಗೆ ಲಸಿಕೆ ಹತ್ತಲಿಲ್ಲವೆಂದು ತಿಳಿಯಬಾರದು.) ನಮ್ಮ ಹಿರಿಯರು ಇದನ್ನು ಬಲ್ಲವರೇ. ಇಂಗ್ಲೆಂಡಿನ ಜೆನ್ನರ್ ವೈದ್ಯನು 1796ರಲ್ಲಿ ಹಸುವಿನ ಸಿಡುಬಿನಿಂದ ಕಂಡುಹಿಡಿದ ಉಪಾಯವು ನಮ್ಮ ಹಳ್ಳಿಗಳಿಗೆ ಬಂದು ಮೈಲಿ ಹಾಕುವದು ಎಂಬ ಹೆಸರು ಪಡೆದಾಗ, ತೋಳಿನಲ್ಲಿ ಗುಳ್ಳೆಯೆದ್ದು ಕೀವಾಗಿ ಹಕ್ಕಳೆ ಬಿದ್ದರೆ ಹತ್ತಿತೆಂದು ಸಂತೋಷಪಡುತ್ತಿದ್ದರು. ಏಳದಿದ್ದರೆ ಪುನಃ ಹಾಕಿಸುತ್ತಿದ್ದರು. ಆ ಕಲೆಯು ವೃದ್ಧರ ತೋಳಿನಲ್ಲಿ ಇಂದಿಗೂ ಇದೆ. ಅದರಿಂದ ಪ್ರಾಣಹೋದವರು ಇರಲಿಲ್ಲವೆಂದಲ್ಲ. ಮೊದಲ ಸಾರಿ ಹಾಕಿಸಿಕೊಂಡ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರು ಸತ್ತರು. ಸಿಡುಬೋ, ತಾನು ಹಿಡಿದ 100 ಜನರಲ್ಲಿ ಸುಮಾರು 30 ಜನರನ್ನು ಒಯ್ಯುತ್ತಿತ್ತು. 1980ರಲ್ಲಿ ಆ ರೋಗವು ಲೋಕದಿಂದಲೇ ಹೋಯಿತೆಂದು ನಿಶ್ಚಯವಾದಾಗ ಮೈಲಿ ಹಾಕುವದನ್ನೂ ನಿಲ್ಲಿಸಿಬಿಟ್ಟರು. ಅಪಾಯವು ಎಷ್ಟು ಅಲ್ಪವಾದರೂ, ಎದುರಿಗೆ ರೋಗವಿಲ್ಲದಿರುವಾಗ ಅದನ್ನು ಒಂದು ಕೂಸಿನ ಮೇಲೆ ಹೊರಿಸುವದಕ್ಕೆ ನ್ಯಾಯವಿಲ್ಲವಷ್ಟೆ.

ಇನ್ನು, ಬಾಧೆಯ ಸಾಕ್ಷಿಯನ್ನು ಹೇಗೆ ವಿಚಾರಿಸಬೇಕೆಂಬದಕ್ಕೆ ಹಳೆಯದೊಂದು ಸಂಗತಿಯನ್ನು ಹೇಳುವೆವು. 1896ರಲ್ಲಿ ಪ್ಲೇಗು ಮುಂಬಯಿಗೆ ಬಂತು. 1898ರಲ್ಲಿ ಬೆಂಗಳೂರನ್ನೂ ಹೊಕ್ಕಿತು. ಹಾಫ್ಕಿನ್ ಎಂಬ ಪಂಡಿತನು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಮಾಡಿ, 1897ನೇ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡು ಜ್ವರವನ್ನೂ ನೋವನ್ನೂ ತಾನೇ ಅನುಭವಿಸಿದನು. ಆ ಮೇಲೆ ಸಾವಿರಾರು ಜನರು ಅದನ್ನು ಹಾಕಿಸಿಕೊಂಡರು. 1902ನೇ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಚುಚ್ಚಿದರು. ಅವರಲ್ಲಿ 19 ಜನರು ಧನುರ್ವಾಯು ಹಿಡಿದು ಸತ್ತರು. ದೇಶವೆಲ್ಲ ನಡುಗಿತು, ಲಸಿಕೆಯೇ ವಿಷವೆಂದು ಜನರು ಅಂದರು, ಹಾಫ್ಕಿನ್ ಕೆಲಸವನ್ನು ಕಳಕೊಂಡನು.

ಆದರೆ ಆ 19 ಜನರೂ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡವರು; ಅದೇ ದಿನ ಬೇರೆ ಬಾಟಲಿಗಳಿಂದ ಚುಚ್ಚಿಸಿಕೊಂಡ ಮಿಕ್ಕ ಜನರಿಗೆ ಆ ರೋಗ ಬರಲಿಲ್ಲ. ಬಾಟಲಿಯ ಬಿರಡೆ ತೆಗೆಯುವ ಚಿಮಟವು ನೆಲಕ್ಕೆ ಬಿದ್ದದ್ದನ್ನು ಒಬ್ಬ ಸಹಾಯಕನು ಸರಿಯಾಗಿ ಶುದ್ಧಮಾಡದೆ ಉಪಯೋಗಿಸಿದ್ದನೆಂದು ಸಾಕ್ಷಿಗಳಿಂದ ತಿಳಿಯಿತು. ರೊನಾಲ್ಡ್ ರಾಸ್ ಮೊದಲಾದ ವಿದ್ವಾಂಸರು ಬರೆದು ವಾದಿಸಿದ ಮೇಲೆ, 1907ರಲ್ಲಿ ಹಾಫ್ಕಿನ್ ನಿರಪರಾಧಿಯೆಂದು ತೀರಿತು. ಇಲ್ಲಿ ಗಮನಿಸಬೇಕಾದದ್ದೇನಂದರೆ, ಸತ್ತವರ ಮನೆಯವರು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಚುಚ್ಚಿದರು, ಸತ್ತರು, ಎರಡೂ ಸತ್ಯ. ಎರಡರ ನಡುವಿನ ಕೊಂಡಿ ಯಾವದೆಂಬದೇ ಬೇರೆ ಪ್ರಶ್ನೆ. ಅದನ್ನು ಬಿಡಿಸಿದ್ದು ಯಾವ ಬಾಟಲಿ, ಯಾವ ಕೈ, ಯಾವ ಹೊತ್ತು ಎಂಬ ವಿಚಾರಣೆಯೇ ಹೊರತು ಗದ್ದಲವಲ್ಲ.

ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಬಾಲ್ಯದಿಂದ ಕಲಿತ ನಾವು, ಈ ಸೂಕ್ಷ್ಮವನ್ನು ಅಲಕ್ಷಿಸಬಾರದು. ಲಸಿಕೆಯ ಮೇಲೆ ಎದೆನೋವು ಬಂತು ಅನ್ನುವದು ಸಾಕ್ಷಿ. ಲಸಿಕೆಯಿಂದಲೇ ಬಂತು ಅನ್ನುವದು ತೀರ್ಪು. ಕೋಟಿಗಟ್ಟಲೆ ಜನರಿಗೆ ಚುಚ್ಚಿದಾಗ, ಚುಚ್ಚದಿದ್ದರೂ ಆ ವಾರ ಸಾಯುವವರು ಅವರಲ್ಲಿ ಎಷ್ಟೋ ಮಂದಿ ಇರುವರು.

ಆದರೂ ಈ ಮಾತನ್ನೇ ದೊಣ್ಣೆಯಾಗಿ ಹಿಡಿದು ಬಾಧೆಪಟ್ಟವನ ಬಾಯಿ ಮುಚ್ಚಿಸುವವರು ಇದ್ದಾರೆ. ಅವರ ಮೇಲೆ ನಮಗೆ ಹೆಚ್ಚು ಬೇಸರ. ನಮ್ಮಲ್ಲಿ ಕೋವಿಶೀಲ್ಡ್ ಎಂದು ಕರೆಯಲ್ಪಟ್ಟ ಲಸಿಕೆಯಿಂದ ಬಹು ವಿರಳವಾಗಿ ರಕ್ತ ಹೆಪ್ಪುಗಟ್ಟುವ ಕೇಡು ಉಂಟಾಗುವದೆಂದು 2021ರಲ್ಲಿ ಯೂರೋಪಿನ ವೈದ್ಯರು ಕಂಡುಹಿಡಿದದ್ದು ಹೇಗೆ? ಒಬ್ಬೊಬ್ಬ ರೋಗಿಯ ಮಾತನ್ನು ತಳ್ಳಿಬಿಡದೆ ಬರೆದಿಟ್ಟದ್ದರಿಂದಲೇ. ಡೆನ್ಮಾರ್ಕ್ ದೇಶವು ಅದೇ ಏಪ್ರಿಲಿನಲ್ಲಿ ಆ ಲಸಿಕೆಯನ್ನು ಕೈಬಿಟ್ಟಿತು. ಇದಕ್ಕೆ ಎದುರಾಗಿ, 1970ರ ದಶಕದ ಇಂಗ್ಲೆಂಡಿನಲ್ಲಿ ನಾಯಿಕೆಮ್ಮಿನ ಲಸಿಕೆಯು ಮಕ್ಕಳ ಮಿದುಳನ್ನು ಕೆಡಿಸುವದೆಂಬ ಸುದ್ದಿ ಹಬ್ಬಿ, ಹಾಕಿಸುವವರು 100ಕ್ಕೆ 80ರ ಸುಮಾರಿನಿಂದ 30ರ ಸುಮಾರಿಗೆ ಇಳಿದರು. ಆ ಕೆಮ್ಮು ಪುನಃ ಊರೂರಿಗೆ ಬಂದು ಕೂಸುಗಳನ್ನು ಹಿಡಿಯಿತು.

ಎಲ್ಲರ ಕ್ಷೇಮಕ್ಕಾಗಿ ಕೈಯೊಡ್ಡಿ ಕೇಡು ಅನುಭವಿಸಿದವನಿಗೆ ಎಲ್ಲರೂ ಸಾಲಗಾರರು. ಬ್ರಿಟನ್ನಿನವರು 1979ರಲ್ಲಿಯೂ ಅಮೇರಿಕದವರು 1986ರಲ್ಲಿಯೂ ಅಂಥವರಿಗೆ ಹಣ ಕೊಡುವ ಕಾನೂನು ಮಾಡಿದರು. ದೊಡ್ಡ ಕೇಡಿನ ಮಾತು ಹಾಗಿರಲಿ, ಚಿಕ್ಕ ಜ್ವರಕ್ಕೂ ಬಡವರ ಮನೆಯಲ್ಲಿ ಬೆಲೆಯುಂಟು. ನಮ್ಮ ಸಭೆಯ ಒಬ್ಬ ಕೂಲಿಯಾಕೆ ಮೊದಲನೆಯ ಚುಚ್ಚುಮದ್ದಿನ ಮೇಲೆ ಎರಡು ದಿನ ಮಲಗಿದಳು. ಎರಡನೆಯದಕ್ಕೆ ಕರೆದಾಗ ಬರಲೊಲ್ಲೆನಂದಳು. ಮೂಢಳೆಂದು ಕೆಲವರು ಗದರಿಸಿದರು. ಅವಳು, ಅಯ್ಯನವರೇ, ಜ್ವರಕ್ಕೆ ನಾನು ಹೆದರುವದಿಲ್ಲ, ಆ ಎರಡು ದಿನದ ಕೂಲಿ ಕೊಡುವವರು ಯಾರು ಅಂದಳು. ಉತ್ತರ ಯಾರ ಬಳಿಯಲ್ಲಿಯೂ ಇರಲಿಲ್ಲ. ಕಡೆಗೆ ಅವಳೇ ಯೋಚಿಸಿ, ಶನಿವಾರ ಸಂಜೆ ಹಾಕುವದಾದರೆ ಬರುವೆನಂದಳು; ದಾದಿಯು ಒಪ್ಪಿದಳು. ಜ್ವರವು ಬಂದೇ ಬಂತು. ಆ ಭಾನುವಾರ ಅವಳು ಆರಾಧನೆಗೆ ಬರಲಿಲ್ಲ; ಸೋಮವಾರ ಕಳೆ ಕೀಳುವದಕ್ಕೆ ಹೋದಳು.