ಪಶ್ಚಾತ್ತಾಪವೂ ಪ್ರಾಯಶ್ಚಿತ್ತವೂ: 'ಮ್ಯಾಕ್‌ಬೆತ್' ನಾಟಕದ ಪಾಠವನ್ನು ಕುರಿತು

ರಾಜ್ಯಲೋಭದಿಂದ ಅತಿಥಿಯನ್ನು ಕೊಂದ ವೀರನೊಬ್ಬನ ಕಥೆ, ಮಾಟಗಾತಿಯರ ಭವಿಷ್ಯವಾಣಿ, ಔತಣದ ಪೀಠದಲ್ಲಿ ಬಂದು ಕೂರುವ ಪ್ರೇತ, ಕೊನೆಗೆ ಕಡಿದು ತಂದ ಶಿರಸ್ಸು. ಇಂತಹ ನಾಟಕವನ್ನು ಅಹಿಂಸೆಯೇ ಪರಮಧರ್ಮವೆಂದು ನಂಬಿದ ಮನೆಗಳ ಮಕ್ಕಳು ತರಗತಿಯಲ್ಲಿ ಕುಳಿತು ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು ಎಷ್ಟರ ಮಟ್ಟಿಗೆ ಉಚಿತವೆಂದು ಹಿರಿಯರು ಕೇಳುವುದುಂಟು. ರಾಜಕಥೆ, ಚೋರಕಥೆ ಮೊದಲಾದವನ್ನು ಶಾಸ್ತ್ರಕಾರರು ವಿಕಥೆಗಳೆಂದು ಹೆಸರಿಸಿ ಸಂಯಮಿಗಳಿಗೆ ವರ್ಜ್ಯವೆಂದಿರುವುದರಿಂದ ಈ ಪ್ರಶ್ನೆಯನ್ನು ಬರಿಯ ಹಳೆಯ ಕಾಲದ ಸಂಕೋಚವೆಂದು ತಳ್ಳಿಹಾಕಲಾಗದು. ಆದರೆ ಹಿಂಸೆಯ ವರ್ಣನೆ ಇದ್ದ ಮಾತ್ರಕ್ಕೆ ಕಥೆಯು ವಿಕಥೆಯಾಗುವುದಾದರೆ ಜನ್ನ ಮಹಾಕವಿಯು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯನ್ನೂ ಪಕ್ಕಕ್ಕಿಡಬೇಕಾದೀತು. ಅಲ್ಲಿಯೂ ಮಾರಿಯ ಗುಡಿಯಿದೆ, ಬಲಿಯ ಸಿದ್ಧತೆಯಿದೆ, ರಾಣಿಯು ಪತಿಗೂ ಅತ್ತೆಗೂ ವಿಷವಿಕ್ಕುವ ಪ್ರಸಂಗವಿದೆ. ಆ ಕಥೆಯನ್ನು ಕೇಳಿಯೇ ಮಾರಿದತ್ತನು ಕೊಲೆಯಿಂದ ಹಿಂದೆಗೆದದ್ದು. ಆದ್ದರಿಂದ ಮಕ್ಕಳು 'ಮ್ಯಾಕ್‌ಬೆತ್' ಓದಬೇಕೇ ಬೇಡವೇ ಎಂಬುದಕ್ಕಿಂತ, ಅದನ್ನು ಓದಿ ಮುಗಿಸಿದಾಗ ಅವರ ಮನಸ್ಸಿನಲ್ಲಿ ಯಾವ ತೀರ್ಪು ಉಳಿಯುತ್ತದೆ ಎಂಬುದು ಹೆಚ್ಚು ವಿಚಾರಣೀಯ.

ಷೇಕ್ಸ್‌ಪಿಯರ್ ಮಹಾಕವಿಯು ಈ ನಾಟಕವನ್ನು ಬರೆದದ್ದು 1606ರ ಸುಮಾರಿನಲ್ಲಿ. ಅದು ಅಚ್ಚಾದದ್ದು ಅವನ ಮರಣಾನಂತರ, 1623ರಲ್ಲಿ. ಕನ್ನಡಿಗರಿಗೆ ಅದು ಅಪರಿಚಿತವಲ್ಲ. ಎಂ. ಎಲ್. ಶ್ರೀಕಂಠೇಶಗೌಡರು ಅದನ್ನು 'ಪ್ರತಾಪರುದ್ರದೇವ' ಎಂಬ ಹೆಸರಿನಿಂದ ರೂಪಾಂತರಿಸಿದರು, ಡಿ.ವಿ.ಜಿ.ಯವರು ಅನುವಾದಿಸಿದರು. ಕಥೆಗೆ ಆಧಾರ ಹಾಲಿನ್‌ಷೆಡ್ ಎಂಬವನ ಇತಿಹಾಸ ಗ್ರಂಥ. ಚರಿತ್ರೆಯ ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಸ್ಕಾಟ್ಲೆಂಡನ್ನು ಆಳಿದವನು. ಅವನ ಕಾಲದ ಡಂಕನ್ ದೊರೆ ಮಡಿದದ್ದು ಯುದ್ಧದಲ್ಲಿ, ನಿದ್ರೆಯಲ್ಲಲ್ಲ. ಅದೇ ಗ್ರಂಥದಲ್ಲಿದ್ದ ಡಫ್ ಎಂಬ ಮತ್ತೊಬ್ಬ ಅರಸನ ವೃತ್ತಾಂತವನ್ನು, ಎಂದರೆ ತನ್ನನ್ನು ನಂಬಿ ಕೋಟೆಯಲ್ಲಿ ತಂಗಿದ್ದ ದೊರೆಯನ್ನು ಹೆಂಡತಿಯ ಪ್ರೇರಣೆಯಿಂದ ಒಬ್ಬನು ಮಲಗಿದಲ್ಲೇ ಕೊಲ್ಲಿಸಿದ ಸಂಗತಿಯನ್ನು, ಕವಿಯು ಇಲ್ಲಿಗೆ ತಂದು ಜೋಡಿಸಿದನು. ಮೂಲದಲ್ಲಿ ಸಂಚಿನ ಪಾಲುಗಾರನಾಗಿದ್ದ ಬ್ಯಾಂಕೋ ಎಂಬ ಸೇನಾನಿಯನ್ನು ನಿರ್ದೋಷಿಯನ್ನಾಗಿ ಮಾಡಿದನು. ಆಗ ಇಂಗ್ಲೆಂಡನ್ನು ಆಳುತ್ತಿದ್ದ ಜೇಮ್ಸ್ ದೊರೆಯು ಬ್ಯಾಂಕೋನ ವಂಶದವನೆನಿಸಿಕೊಂಡಿದ್ದುದು ಇದಕ್ಕೆ ಕಾರಣವಿರಬಹುದು. ಆದರೂ ದೊರೆಯನ್ನು ಮೆಚ್ಚಿಸಲು ಮಾಡಿದ ಬದಲಾವಣೆಯಿಂದ ನಾಟಕಕ್ಕೆ ಅಮೂಲ್ಯವಾದ ಲಾಭವೊಂದು ಒದಗಿತು.

ಪರೀಕ್ಷೆಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಕೊಲೆಗೆ ಹೊಣೆ ಮಾಟಗಾತಿಯರೋ, ಹೆಂಡತಿಯೋ, ಮ್ಯಾಕ್‌ಬೆತ್ತನೋ? ಮಾಟಗಾತಿಯರ ಮಾತು ಬ್ಯಾಂಕೋನ ಕಿವಿಗೂ ಬಿದ್ದಿತು. ಅವನ ಸಂತತಿಗೂ ಅವರು ರಾಜ್ಯವನ್ನು ಹೇಳಿದ್ದರು. ಅವನಿಗೂ ಆ ಕುರಿತು ಕನಸು ಬಿತ್ತು. ಆದರೆ ಮಲಗುವ ಮುನ್ನ, ನಿದ್ರೆಯಲ್ಲಿ ನುಗ್ಗುವ ದುಷ್ಟ ಯೋಚನೆಗಳನ್ನು ತಡೆಯಬೇಕೆಂದು ಅವನು ದೈವೀಶಕ್ತಿಗಳನ್ನು ಬೇಡುತ್ತಾನೆ. ನಿಮಿತ್ತ ಒಂದೇ, ಉಪಾದಾನ ಬೇರೆ. ಸ್ವಪ್ನದಲ್ಲಿ ಸಂಭವಿಸಿದ ದೋಷಕ್ಕೂ ಪ್ರತಿಕ್ರಮಣ ಮಾಡುವ ಸಂಪ್ರದಾಯದಲ್ಲಿ ಬೆಳೆದ ವಿದ್ಯಾರ್ಥಿಗೆ ಈ ಪ್ರಶ್ನೆಯ ಉತ್ತರ ಕಷ್ಟವಾಗಬಾರದು.

ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ ಮೊದಲನೆಯ ಅಂಕದ ಏಳನೆಯ ದೃಶ್ಯ. ದೊರೆ ಒಳಗೆ ಊಟಕ್ಕೆ ಕುಳಿತಿದ್ದಾನೆ. ಮ್ಯಾಕ್‌ಬೆತ್ ಪಂಕ್ತಿಯಿಂದ ಎದ್ದು ಬಂದು ಏಕಾಂತದಲ್ಲಿ ಲೆಕ್ಕ ಹಾಕುತ್ತಾನೆ. ಬಂದವನು ಬಂಧು, ಒಡೆಯ, ಅತಿಥಿ. ಮೇಲಾಗಿ ಸಾಧುಸ್ವಭಾವದ ಅರಸ. ಕೊಲ್ಲುವುದಕ್ಕೆ ತನ್ನ ಮಹತ್ವಾಕಾಂಕ್ಷೆಯ ಹೊರತು ಬೇರೆ ಕಾರಣವಿಲ್ಲವೆಂದು ಅವನೇ ಒಪ್ಪಿ, ಈ ಕಾರ್ಯ ಬೇಡವೆಂದು ಹೆಂಡತಿಗೆ ಹೇಳಿಯೂ ಬಿಡುತ್ತಾನೆ. ಅವಳು ಧರ್ಮಾಧರ್ಮಗಳ ವಾದವನ್ನು ಮಾಡುವುದೇ ಇಲ್ಲ. ಅವನ ಗಂಡಸುತನವನ್ನು ಹೀಯಾಳಿಸುತ್ತಾಳೆ. ಲೋಭವೊಂದೇ ಇದ್ದಾಗ ಹಿಂಜರಿದವನು ಮಾನಕಷಾಯವೂ ಸೇರಿದೊಡನೆ ಒಪ್ಪುತ್ತಾನೆ. ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ತೊಡಗುವುದು ಆರಂಭ. ಈ ಮೂರನ್ನು ಮೂರು ಯೋಗಗಳಿಂದಲೂ, ಕೃತ, ಕಾರಿತ, ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ 'ತತ್ತ್ವಾರ್ಥಸೂತ್ರ'ವು 108 ಭೇದಗಳನ್ನು ಹೇಳುತ್ತದೆ. ಜಪಮಾಲೆಯ ಮಣಿಗಳ ಸಂಖ್ಯೆಗೆ ಈ ಲೆಕ್ಕವನ್ನು ಹೊಂದಿಸಿ ಹೇಳುವುದು ರೂಢಿ. ಅದನ್ನು ಕಂಠಪಾಠ ಮಾಡಿದ ಬಾಲಕನಿಗೆ ಅದು ಒಣ ಗಣಿತವಾಗಿ ತೋರಬಹುದು. ನಾಟಕದ ಮೂರನೆಯ ಅಂಕವನ್ನು ಓದಿದಾಗ ಹಾಗೆ ತೋರದು. ಡಂಕನನನ್ನು ತಾನೇ ಕೊಂದವನು ಬ್ಯಾಂಕೋನನ್ನು ಕೂಲಿಯ ಕೊಲೆಗಾರರಿಂದ ಕೊಲ್ಲಿಸುತ್ತಾನೆ. ಆ ವಿಷಯವನ್ನು ಹೆಂಡತಿಯಿಂದ ಮುಚ್ಚಿಟ್ಟು, ಕಾರ್ಯ ಮುಗಿದ ಮೇಲೆ ಮೆಚ್ಚಿದರೆ ಸಾಕು, ಅಲ್ಲಿಯವರೆಗೆ ತಿಳಿಯದೆ ನಿರಪರಾಧಿಯಾಗಿರು ಎಂಬ ಅರ್ಥದ ಮಾತನ್ನು ಪ್ರೀತಿಯಿಂದಲೇ ಆಡುತ್ತಾನೆ. ಮೆಚ್ಚಿದರೆ ಅಪರಾಧದಲ್ಲಿ ಪಾಲಿಲ್ಲವೆಂದು ಅವನು ಭಾವಿಸಿದ್ದಾನೆ. ಅನುಮೋದನೆಯೂ ಪಾಪವೇ ಎಂಬುದು ಅವನ ಎಣಿಕೆಯಲ್ಲಿಲ್ಲ.

ಇನ್ನು ಪ್ರಧಾನ ವಿಷಯ. ತರಗತಿಗಳಲ್ಲಿ ಸಾಮಾನ್ಯವಾಗಿ ಹೇಳುವ ತೀರ್ಪು ಹೀಗಿದೆ: ಮ್ಯಾಕ್‌ಬೆತ್ ಘೋರ ಪಾಪಿಯಾದರೂ ಅವನ ಅಂತಃಸಾಕ್ಷಿ ಅವನನ್ನು ಚುಚ್ಚುತ್ತಿರುತ್ತದೆ, ಆ ವೇದನೆಯೇ ಅವನ ದೊಡ್ಡತನ, ಅದಕ್ಕಾಗಿ ಅವನು ನಮ್ಮ ಕರುಣೆಗೆ ಪಾತ್ರ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕರುಣೆಗೆ ಅವನು ಪಾತ್ರನೇ ಸರಿ. ಕರುಣೆಗೆ ಅಪಾತ್ರನಾದ ಜೀವಿ ಇಲ್ಲ. ಆದರೆ ನೊಂದುಕೊಳ್ಳುವುದರಿಂದಲೇ ಪಾಪ ಅಷ್ಟಷ್ಟಾಗಿ ಕಳೆಯುತ್ತದೆ ಎಂಬ ಭಾವನೆ ಇದರ ಹಿಂದಿದೆ. ಅದನ್ನು ಶ್ರಾವಕರು ಒಪ್ಪುವಂತಿಲ್ಲ. ಶೋಕ, ತಾಪ, ಆಕ್ರಂದನಗಳನ್ನು ಶಾಸ್ತ್ರವು ಅಸಾತಾವೇದನೀಯದ ಆಸ್ರವಕ್ಕೆ ಕಾರಣಗಳೆಂದು ಎಣಿಸಿದೆ. ಬರಿಯ ತಾಪವು ಹಳೆಯ ಕರ್ಮವನ್ನು ಸುಡುವುದಿರಲಿ, ಹೊಸದನ್ನು ತಂದು ಸೇರಿಸುತ್ತದೆ.

ನಾಟಕವೇ ಇದಕ್ಕೆ ಸಾಕ್ಷಿ. ಕೊಂದು ಹೊರಬಂದ ಮ್ಯಾಕ್‌ಬೆತ್ ತನ್ನ ಕೈಗಳನ್ನು ನೋಡಿ ನಡುಗುತ್ತಾನೆ. ಪಕ್ಕದ ಕೋಣೆಯವರ ಪ್ರಾರ್ಥನೆಗೆ 'ತಥಾಸ್ತು' ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಇನ್ನು ತನಗೆ ನಿದ್ರೆಯಿಲ್ಲವೆಂಬ ಧ್ವನಿಯೊಂದು ಕೇಳಿಸಿತು. ಅಷ್ಟರಲ್ಲಿ ಹೆಬ್ಬಾಗಿಲನ್ನು ಯಾರೋ ತಟ್ಟುತ್ತಾರೆ. ಆ ಸದ್ದಿನಿಂದ ಡಂಕನ್ ಎಚ್ಚರಗೊಳ್ಳುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನು ಹಂಬಲಿಸುತ್ತಾನೆ. ಇದು ನಿಜವಾದ ನಿಂದೆಯ ಕ್ಷಣ. ಹೊರಗೆ ಜನ ನಿಂತಿದ್ದಾರೆ, ಹೇಳಿಕೊಳ್ಳಬಹುದಾಗಿತ್ತು. ಹೇಳಿಕೊಂಡಿದ್ದರೆ ಪ್ರಾಣ ಹೋಗುತ್ತಿತ್ತು, ಕಿರೀಟವಂತೂ ಸಿಗುತ್ತಿರಲಿಲ್ಲ. ಅದೇ ಮುಂಜಾನೆ, ಅದೇ ಕೈಗಳಿಂದ, ಏನೂ ಅರಿಯದ ಇಬ್ಬರು ಕಾವಲುಗಾರರನ್ನು ಕೊಂದು ತಪ್ಪನ್ನು ಅವರ ಮೇಲೆ ಹೊರಿಸುತ್ತಾನೆ. ತಾಪಕ್ಕೂ ಎರಡನೆಯ ಹಿಂಸೆಗೂ ನಡುವೆ ಒಂದು ಹಗಲಿನ ಅಂತರವೂ ಇಲ್ಲ.

ಅರಸನಾದ ಮೇಲೆ ಅವನ ಚಿಂತೆ ಬೇರೆಯಾಗುತ್ತದೆ. ಪಡೆದದ್ದು ಏನೂ ಅಲ್ಲ, ಪಡೆದದ್ದು ಕೈಬಿಡದಂತೆ ಇರಬೇಕು! ಇದನ್ನೇ ವಿಷಯಸಂರಕ್ಷಣೆಯ ರೌದ್ರಧ್ಯಾನವೆನ್ನುವುದು. ಬ್ಯಾಂಕೋನ ಪ್ರೇತವನ್ನು ಕಂಡು ಸಭೆಯ ಮುಂದೆ ಕಂಗೆಟ್ಟ ರಾತ್ರಿಯೇ ಅವನು, ರಕ್ತದಲ್ಲಿ ಇಷ್ಟು ದೂರ ನಡೆದು ಬಂದ ಮೇಲೆ ಹಿಂದಿರುಗುವುದೂ ಮುಂದೆ ಹೋಗುವಷ್ಟೇ ಬೇಸರದ ಕೆಲಸವೆಂದು ಆಡುತ್ತಾನೆ. ಹಿಂದಿರುಗುವ ದಾರಿ ಇದೆಯೆಂದು ಬಲ್ಲವನ ಮಾತು ಇದು. ಪ್ರತಿಕ್ರಮಣವೆಂದರೆ ಹಿಂದಿರುಗುವುದೆಂದೇ ಅರ್ಥ. ಬಲ್ಲವನು ಆರಿಸಿಕೊಂಡದ್ದು ಮುಂದಿನ ಹೆಜ್ಜೆಯನ್ನು; ಅದರ ಫಲ ಮ್ಯಾಕ್‌ಡಫ್ ಎಂಬ ಸಾಮಂತನ ಹೆಂಡತಿ ಮಕ್ಕಳ ಹತ್ಯೆ. ಅವರಿಂದ ಅವನಿಗೆ ಯಾವ ಭಯವೂ ಇರಲಿಲ್ಲ.

ಹೆಂಡತಿಯ ಕಥೆ ಇದಕ್ಕಿಂತ ದಾರುಣ. ಕೊಲೆಯ ರಾತ್ರಿ, ಸ್ವಲ್ಪ ನೀರಿನಿಂದ ಎಲ್ಲವೂ ತೊಳೆದುಹೋಗುತ್ತದೆ ಎಂದು ಗಂಡನಿಗೆ ಧೈರ್ಯ ಹೇಳಿದವಳು ಅವಳೇ. ಐದನೆಯ ಅಂಕದಲ್ಲಿ ನಿದ್ರೆಯಲ್ಲಿ ನಡೆಯುತ್ತ, ಇಲ್ಲದ ಕಲೆಯನ್ನು ಕಾಲು ಗಂಟೆಯವರೆಗೆ ಉಜ್ಜುತ್ತಾಳೆ. ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ದಿನ ಪ್ರತಿವರ್ಷ ಕೇಳುವ ವ್ಯಾಖ್ಯಾನವನ್ನು ಇಲ್ಲಿ ನೆನೆಯದಿರಲಾಗದು: ಶೌಚವೆಂದರೆ ಸ್ನಾನವಲ್ಲ, ಲೋಭದ ಅಭಾವ. ನೀರು ದೇಹವನ್ನು ಮುಟ್ಟುತ್ತದೆ, ಲೋಭವಿರುವುದು ಆತ್ಮಪರಿಣಾಮದಲ್ಲಿ. ಅವಳು ಕಿರೀಟವನ್ನು ತೆಗೆದಿಡದೆ ಕೈಯನ್ನು ತೊಳೆಯುತ್ತಿದ್ದಾಳೆ.

ನಿದ್ರೆಯಲ್ಲಿ ಅವಳು ಎಲ್ಲವನ್ನೂ ಹೇಳಿಬಿಡುತ್ತಾಳೆ. ವೈದ್ಯನೂ ದಾಸಿಯೂ ಕೇಳಿಸಿಕೊಳ್ಳುತ್ತಾರೆ. ಆದರೂ ಅದು ಆಲೋಚನೆಯಲ್ಲ. ಆಲೋಚನೆಯು ಎಚ್ಚರದಲ್ಲಿ, ಗುರುಸನ್ನಿಧಿಯಲ್ಲಿ, ಮರೆಮಾಚದೆ ಮಾಡತಕ್ಕದ್ದು. ಇಲ್ಲಿ ಆಡುವವಳಿಗೆ ಆಡಿದ್ದರ ಅರಿವಿಲ್ಲ. ವೈದ್ಯನು ವಿವೇಕಿ: ಇವಳಿಗೆ ಬೇಕಾದುದು ಔಷಧವಲ್ಲ, ಧರ್ಮಗುರು ಎನ್ನುತ್ತಾನೆ. ಮನಸ್ಸಿನಲ್ಲಿ ಬೇರೂರಿದ ದುಃಖವನ್ನು ಕಿತ್ತುಹಾಕುವ ಮದ್ದಿಲ್ಲವೇ ಎಂದು ಮ್ಯಾಕ್‌ಬೆತ್ ಕೇಳಿದಾಗ, ಆ ಚಿಕಿತ್ಸೆಯನ್ನು ರೋಗಿಯೇ ಮಾಡಿಕೊಳ್ಳಬೇಕೆಂದು ಉತ್ತರಿಸುತ್ತಾನೆ. ಕರ್ತೃವೂ ಭೋಕ್ತೃವೂ ಜೀವನೇ ಎಂದು ಕಲಿತ ಮನೆಯ ಮಕ್ಕಳು ಈ ಉತ್ತರದ ಬಳಿ ಒಂದು ಗೆರೆ ಎಳೆದಿಟ್ಟುಕೊಳ್ಳಬಹುದು. ಮ್ಯಾಕ್‌ಬೆತ್ ಮಾತ್ರ ಸಿಡುಕಿ, ವೈದ್ಯಶಾಸ್ತ್ರವನ್ನು ನಾಯಿಗೆ ಹಾಕಿರೆಂದು ಕವಚ ತೊಡುತ್ತಾನೆ.

ವ್ರತೋಪವಾಸಗಳನ್ನು ಆಚರಿಸುವವರಿಗೆ ಈ ಸಂಗತಿ ದೂರದ ದೇಶದ ಮಾತಲ್ಲ. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಆಲೋಚನೆ, ಪ್ರತಿಕ್ರಮಣ, ಇವೆರಡರ ಕೂಟವಾದ ತದುಭಯ, ಬಳಿಕ ವಿವೇಕ, ವ್ಯುತ್ಸರ್ಗಗಳು ಬಂದ ಮೇಲೆ ಆರನೆಯದಾಗಿ ಉಪವಾಸಾದಿ ತಪಸ್ಸು ಬರುತ್ತದೆ. ದೋಷಕ್ಕೆ ಸಂಬಂಧಿಸಿದ ವಸ್ತುವನ್ನು ಬೇರ್ಪಡಿಸಿ ಬಿಡುವುದೇ ವಿವೇಕ. ತಮ್ಮನ ಪಾಲಿನ ಜಮೀನನ್ನು ಯುಕ್ತಿಯಿಂದ ತನ್ನ ಹೆಸರಿಗೆ ಮಾಡಿಸಿಕೊಂಡ ಗೃಹಸ್ಥನೊಬ್ಬನು ಆ ನೋವು ತಾಳಲಾರದೆ ಭಾದ್ರಪದದ ಹತ್ತು ದಿನವೂ ಉಪವಾಸ ಮಾಡಿದನೆಂದು ಭಾವಿಸೋಣ. ಅವನ ಕಣ್ಣೀರು ಸುಳ್ಳೆನ್ನಲಾಗದು. ಮಂದಕಷಾಯದಿಂದ ಮಾಡಿದ ಉಪವಾಸ ಪುಣ್ಯಕ್ಕೆ ಕಾರಣವೂ ಆಗಬಹುದು. ಆದರೆ ಪಾರಣೆಯ ದಿನ ಅವನ ತಟ್ಟೆಗೆ ಬರುವ ಅನ್ನ ಅದೇ ಗದ್ದೆಯದಾದರೆ, ಆ ದೋಷಕ್ಕೆ ಅದು ಪ್ರಾಯಶ್ಚಿತ್ತವೆನಿಸುವುದು ಹೇಗೆ? ಕ್ಷಮಾವಣಿಯ ದಿನ ತಮ್ಮನ ಮನೆಗೆ ಹೋಗಿ ಕೈಮುಗಿಯುವಾಗ ಅವನ ಕೈಯಲ್ಲಿ ಪತ್ರಗಳಿರಬೇಕಲ್ಲವೇ? ಷೇಕ್ಸ್‌ಪಿಯರನೇ 'ಹ್ಯಾಮ್ಲೆಟ್' ನಾಟಕದಲ್ಲಿ ಅಣ್ಣನನ್ನು ಕೊಂದ ಅರಸನನ್ನು ಮೊಣಕಾಲೂರಿ ಕೂರಿಸಿ, ಪಾಪದ ಫಲವನ್ನು ಇಟ್ಟುಕೊಂಡೇ ಕ್ಷಮೆ ಪಡೆಯಬಹುದೇ ಎಂದು ಕೇಳಿಸುತ್ತಾನೆ. ಆ ಅರಸನು ಕಿರೀಟವನ್ನೂ ಅಣ್ಣನ ಹೆಂಡತಿಯನ್ನೂ ಬಿಡಲಾರದೆ, ಪ್ರಾರ್ಥನೆ ಮೇಲೇರಲಿಲ್ಲವೆಂದು ತಾನೇ ಹೇಳಿ ಏಳುತ್ತಾನೆ.

ಪಾಠದಲ್ಲಿ ಎಚ್ಚರ ವಹಿಸಬೇಕಾದ ಮತ್ತೊಂದು ಸ್ಥಳ ಹೆಂಡತಿಯ ಸಾವಿನ ಸುದ್ದಿ ಬಂದಾಗ ಮ್ಯಾಕ್‌ಬೆತ್ ಆಡುವ ಪ್ರಸಿದ್ಧ ಮಾತುಗಳು. ಬಾಳು ನಡೆದಾಡುವ ನೆರಳು, ಅರ್ಥವಿಲ್ಲದ ಗದ್ದಲವೆಂಬ ಆ ಭಾಗವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿ, ಅದನ್ನೇ ವೈರಾಗ್ಯವೆಂದು ಭ್ರಮಿಸುವುದುಂಟು. ಅನಿತ್ಯಾನುಪ್ರೇಕ್ಷೆಯು ಸಂಯೋಗಗಳ ಅಸ್ಥಿರತೆಯನ್ನು ಕಾಣಿಸಿ ನಿತ್ಯವಾದ ಆತ್ಮದ ಕಡೆಗೆ ತಿರುಗಿಸುತ್ತದೆ. ಇಲ್ಲಿ ಮಾತನಾಡುವವನು ತನ್ನ ಬಾಳಿನ ಅರ್ಥವನ್ನು ತಾನೇ ಕೊಂದು, ಎಲ್ಲರ ಬಾಳಿಗೂ ಅರ್ಥವಿಲ್ಲವೆನ್ನುತ್ತಿದ್ದಾನೆ. ಹೀಗೆಂದವನು ಕಿರೀಟವನ್ನು ಬಿಟ್ಟನೇ? ಮರುಗಳಿಗೆಯೇ ಯುದ್ಧಕ್ಕೆ ಹೊರಟನು.

ಕ್ರೈಸ್ತರ ನಾಡಿನ ನಾಟಕಕ್ಕೆ ಜೈನಶಾಸ್ತ್ರದ ಅಳತೆಗೋಲನ್ನು ಹಿಡಿಯುವುದು ಅನ್ಯಾಯವೆಂದು ಆಕ್ಷೇಪಿಸಬಹುದು. ಅವರಲ್ಲಿ ಕ್ಷಮಿಸುವವನು ದೇವರು; ಇಲ್ಲಿ ಅಂತಹ ಕರ್ತೃವನ್ನು ಒಪ್ಪುವುದಿಲ್ಲ. ಈ ಭೇದವನ್ನು ಮರೆಸಬೇಕಾಗಿಲ್ಲ. ಆದರೆ ತಪ್ಪೊಪ್ಪಿಗೆಯಿಲ್ಲದ ತಾಪವು ಸಾಲದೆಂಬುದು ನಾಟಕದ ಒಳಗೇ ಇರುವ ಅಳತೆ. ಅದಕ್ಕೆ ಗುರುತಾಗಿ ಕವಿಯು ಮೊದಲನೆಯ ಅಂಕದಲ್ಲಿಯೇ, ರಂಗದ ಮೇಲೆ ಒಮ್ಮೆಯೂ ಬಾರದ ಒಬ್ಬನನ್ನು ಇರಿಸಿದ್ದಾನೆ. ಅವನು ಕಾಡರ್ ಪ್ರಾಂತದ ಒಡೆಯ, ರಾಜದ್ರೋಹಿ. ವಧಸ್ಥಾನದಲ್ಲಿ ಅವನು ತನ್ನ ದ್ರೋಹವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು, ದೊರೆಯ ಕ್ಷಮೆ ಬೇಡಿ, ಅತ್ಯಂತ ಪ್ರಿಯವಾದ ಪ್ರಾಣವನ್ನು ತೃಣದಂತೆ ಬಿಟ್ಟನೆಂದು ರಾಜಕುಮಾರನು ವರದಿ ಮಾಡುತ್ತಾನೆ. ಅವನ ಬಾಳಿನಲ್ಲಿ ಆ ಸಾವಿನಷ್ಟು ಶೋಭಿಸಿದ್ದು ಬೇರೊಂದಿರಲಿಲ್ಲವಂತೆ. ಆ ವರದಿ ಮುಗಿಯುತ್ತಿದ್ದಂತೆಯೇ ಮ್ಯಾಕ್‌ಬೆತ್ ಒಳಗೆ ಬರುತ್ತಾನೆ. ಕಾಡರ್‌ನ ಬಿರುದನ್ನೂ ಭೂಮಿಯನ್ನೂ ದೊರೆಯು ಅಷ್ಟರಲ್ಲಾಗಲೇ ಅವನಿಗೆ ಕೊಟ್ಟಾಗಿದೆ. ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಗಳಲ್ಲಿ ಕಾಡರ್ ಎಂಬ ಹೆಸರು ಸಾಮಾನ್ಯವಾಗಿ ಆ ಬಿರುದಾಗಿಯೇ ಬರೆದಿರುತ್ತದೆ. ಅದನ್ನು ಮೊದಲು ಹೊತ್ತಿದ್ದವನು ಹೇಗೆ ಸತ್ತನೆಂಬುದನ್ನು ಅಧ್ಯಾಪಕರು ಕೇಳಿದರೆ ಆ ಪುಟವನ್ನು ಮತ್ತೊಮ್ಮೆ ತೆರೆಯಬೇಕಾಗುತ್ತದೆ.