ಇಂದಿನ ಚಿಂತನೆ: ಬಾಗಿದ ಹಲಗೆ



ನಮ್ಮ ವಿಹಾರದಲ್ಲಿ ಬಾಬಾಸಾಹೇಬರ ಬರಹ ಮತ್ತು ಭಾಷಣಗಳ ಸಂಪುಟಗಳನ್ನಿಟ್ಟ ಹಲಗೆ ನಡುವೆ ಬಾಗಿತ್ತು. ನಾನು ಅದನ್ನೇ ಮಗುಚಿ ಹಾಕಿದೆ. ಕೆಲವೇ ತಿಂಗಳಲ್ಲಿ ಆ ಕಡೆಗೂ ಬಾಗಿತು.

ಬಡಗಿ ಕೆಲಸದ ಅಣ್ಣ ನೋಡಿ ನಕ್ಕರು. "3 ಅಡಿ ಉದ್ದ, 18 ಎಂಎಂ ಪಾರ್ಟಿಕಲ್ ಬೋರ್ಡ್, ಎರಡು ತುದಿಗೆ ಮಾತ್ರ ಆಸರೆ. ಪಾಪ, ಅದಾದರೂ ಏನು ಮಾಡೀತು?" ದಪ್ಪ ಎರಡರಷ್ಟಾದರೆ ಬಾಗು 8ರಲ್ಲಿ 1 ಪಾಲಿಗೆ ಇಳಿಯುತ್ತದೆ. ಮುಂದಿನ ಅಂಚಿಗೆ ಗಟ್ಟಿಮರದ ಪಟ್ಟಿ ಹೊಡೆದರೂ ನಡೆಯುತ್ತದೆ. ಅವರು ಮಾತ್ರ ನಡುವೆ ಒಂದು ಆಸರೆ ನಿಲ್ಲಿಸಿದರು, ಅಷ್ಟೇ. 3 ಅಡಿ ಈಗ ಒಂದೂವರೆ ಅಡಿ. "ಹಲಗೆ ಒಮ್ಮೆಲೇ ಮುರಿಯೋದಿಲ್ಲ. ದಿನಾ ಕೂದಲೆಳೆಯಷ್ಟು ಬಾಗುತ್ತೆ. ಆಮೇಲೆ ಭಾರ ಇಳಿಸಿದರೂ ಪೂರ್ತಿ ನೇರವಾಗಲ್ಲ."

ಆಗ ಅಕ್ಕ ಪಕ್ಕದಲ್ಲೇ ಕಸ ಗುಡಿಸುತ್ತಿದ್ದರು. ವಿಹಾರದ ಬೀಗ, ವಂದನೆಗೆ ಹೂವು, ಚಹಾ, ಲೆಕ್ಕದ ಪುಸ್ತಕ, ಇಷ್ಟು ವರ್ಷವೂ ಎಲ್ಲ ಅವರದೇ. ನಾವು ಪ್ರತಿ ಭಾನುವಾರ ಸಂಘಕ್ಕೆ ಶರಣು ಹೇಳಿ, ಪ್ರಜ್ಞೆ, ಕರುಣೆ, ಸಮತೆ ಎಂದು ಒಂದು ಗಂಟೆ ಮಾತಾಡಿ, ಅವರು ಮಾಡಿದ ಚಹಾ ಕುಡಿದು ಹೊರಡುವವರು. ಹೋದ ವಾರ ಸೊಂಟ ನೋವು ಎಂದಾಗ "ಮುಲಾಮು ಹಚ್ಚಿಕೊಳ್ಳಿ ಅಕ್ಕಾ" ಎಂದವನು ನಾನೇ. ಹಲಗೆ ಮಗುಚಿದವನೂ ನಾನೇ ತಾನೆ!

ಬೀಗದ ಕೈ ಕೇಳಿದೆ. "ಬೆಳಿಗ್ಗೆ ಆರಕ್ಕೆ ಏಳ್ತೀಯೇನಪ್ಪಾ?" ಎಂದರು. ಕೊಡಲು ಮನಸ್ಸಿರಲಿಲ್ಲ, ಆದರೂ ಕೊಟ್ಟರು.

ಈ ಭಾನುವಾರ ಬಾಗಿಲು ನಾನು ತೆಗೆಯುತ್ತೇನೆ. ಚಹಾಕ್ಕೆ ಒಬ್ಬರು, ಲೆಕ್ಕಕ್ಕೆ ಒಬ್ಬರು ಇಲ್ಲೇ ಹೆಸರು ಹಾಕಿ. ಜೈ ಭೀಮ್.