ಯಾರ ವ್ರತ, ಯಾರಿಗೆ ಉಪವಾಸ

ನನ್ನ ಜಾಗ್ವಾರ್ ಎಕ್ಸ್‌ಕೆ 120ಕ್ಕೆ ಮುಂದಿನ ಎರಡು ಚಕ್ರಗಳಲ್ಲಿ ಡಿಸ್ಕ್ ಬ್ರೇಕ್ ಹಾಕಿಸುತ್ತೇನೆ ಎಂದಾಗ ಕಾವೆಂಟ್ರಿಯ ಹಿರಿಯ ಗೆಳೆಯರೊಬ್ಬರು ಕೇಳಿದರು: "ಡ್ರಮ್ ಬ್ರೇಕ್ ಹೋದ ಮೇಲೆ ಅದು ಅದೇ ಕಾರೇನಯ್ಯಾ?" ಇದೇ ಊರಿನಲ್ಲಿ ತಯಾರಾದ ಕಾರು, ಅವರ ಕಳವಳ ಸುಳ್ಳಲ್ಲ.

ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ಎಂದೋ ಉತ್ತರ ಹೇಳಿದ್ದಾನೆ. ರಥವೆಂದರೆ ಚಕ್ರವೂ ಅಲ್ಲ, ಅಚ್ಚೂ ಅಲ್ಲ, ನೊಗವೂ ಅಲ್ಲ. ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು. ಸರಿ, ಒಪ್ಪಿದೆ. ಆದರೆ ರಥ ಏನೆಂದು ತಿಳಿದ ಮಾತ್ರಕ್ಕೆ ಅದನ್ನು ಹೇಗೆ ನಡೆಸಬೇಕೆಂದು ತಿಳಿಯುವುದಿಲ್ಲ.

1948ರಲ್ಲಿ ಬಂದ ಈ ಕಾರಿನ ಹೆಸರಿನಲ್ಲೇ ಗಂಟೆಗೆ 120 ಮೈಲಿ ವೇಗವಿದೆ. ತಡೆಯಲು 12 ಇಂಚಿನ ಡ್ರಮ್. ಉದ್ದ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ತುಳಿದರೆ ಡ್ರಮ್ ಕಾದು ಹಿಗ್ಗಿ ಒಳಗಿನ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಸಡಿಲುತ್ತದೆ. ಪೆಡಲ್ ಕೆಳಗಿಳಿಯುತ್ತದೆ, ಕಾರು ಮುಂದೆ ಹೋಗುತ್ತದೆ. ಆರಿದ ಮೇಲೆ ನೋಡಿದರೆ ಎಲ್ಲವೂ ಸರಿ! ಕಂಪನಿಗೂ ಇದು ಗೊತ್ತಿತ್ತು. 1953ರ ಲೆ ಮಾನ್ಸ್ ರೇಸನ್ನು ಅದರ ಸಿ-ಟೈಪ್ ಗೆದ್ದದ್ದು ಡನ್‌ಲಪ್ ಡಿಸ್ಕ್‌ಗಳೊಂದಿಗೆ. 1957ರ ಎಕ್ಸ್‌ಕೆ 150ಕ್ಕೆ ಅವೇ ಬಂದವು. ಮಾಡಿದವನಿಗೇ ಇಲ್ಲದ ಡ್ರಮ್ಮಿನ ಮೋಹ ಭಕ್ತರಿಗೆ!

ಗೆಳೆಯರ ಇನ್ನೊಂದು ವಾದ ನನಗೆ ಹಿಡಿಸುತ್ತದೆ. ಬ್ರೇಕ್ ನಂಬಲಾಗದು ಎಂದು ಗೊತ್ತಿರುವವನು ಮೊದಲೇ ಗೇರ್ ಇಳಿಸುತ್ತಾನೆ, ಮುಂದಿನ ವಾಹನಕ್ಕೆ ಜಾಗ ಬಿಡುತ್ತಾನೆ, ಜಂಬ ಬಿಡುತ್ತಾನೆ. ಅದೊಂದು ಸಾಧನೆಯೇ. ಆದರೆ ಜೀಬ್ರಾ ಪಟ್ಟಿಯ ಮೇಲೆ ಕಾಲಿಟ್ಟ ಹುಡುಗಿ ಆ ಸಾಧನೆಗೆ ದೀಕ್ಷೆ ತೆಗೆದುಕೊಂಡಿಲ್ಲ. ಏಕಾದಶಿ ಮಾಡುವವನು ತಾನು ಹಸಿದಿರಲಿ. ಮನೆಗೆ ಬಂದ ಅತಿಥಿಯ ಎಲೆ ಎತ್ತಬಾರದು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಬದಲಾಗದ ಕಾರುಗಳಿಗೆ 2018ರಿಂದ ವಾರ್ಷಿಕ ತಪಾಸಣೆಯ ಕಡ್ಡಾಯವೂ ಇಲ್ಲ. ಕೇಳುವವರಿಲ್ಲದ ಕಡೆಯೇ ಧರ್ಮದ ಪ್ರಶ್ನೆ ಬಿಗಿಯಾಗುವುದು.

ಡಿಸ್ಕ್ ಹಾಕಿಸಿದೆ. ಕಾಲು ಸ್ವಲ್ಪ ಹೆಚ್ಚೇ ಒತ್ತಬೇಕು. ತಿರುಗುವ ಡ್ರಮ್ ಶೂವನ್ನು ತಾನೇ ಎಳೆದು ಬಿಗಿಯುವ ಗುಣ ಇದಕ್ಕಿಲ್ಲ. ಮೂಲ ಲೋಹಕ್ಕೆ ಎಲ್ಲೂ ತೂತು ಕೊರೆಸಿಲ್ಲ. ಹಳೆಯ ಡ್ರಮ್‌ಗಳು ಎಣ್ಣೆ ಸವರಿಕೊಂಡು ಶೆಲ್ಫಿನ ಮೇಲಿವೆ. ಮುಂದಿನ ಒಡೆಯನಿಗೆ ಬೇಕಾದರೆ ಮರಳಿ ಕೂರಿಸಿಕೊಳ್ಳಲಿ.

ಡ್ರಮ್ಮನ್ನೇ ಉಳಿಸಿಕೊಳ್ಳುವವರಲ್ಲಿ ಒಂದು ಕೋರಿಕೆ: ಕಾರನ್ನು ಪ್ರದರ್ಶನಕ್ಕೆ ಒಯ್ಯಿರಿ, ಬೆಳಗಿನ ಖಾಲಿ ರಸ್ತೆಯಲ್ಲಿ ಓಡಿಸಿ. ಶಾಲೆ ಬಿಡುವ ಹೊತ್ತಿಗೆ ಇಳಿಜಾರಿಗೆ ಮಾತ್ರ ತರಬೇಡಿ.